‘ಸಿಮಿಲರ್ಲಿ’ ಎಂಬ ಒಂದೇ ಸಾಲು

ಕಳೆದ ವರ್ಷದ ಬೇಸಿಗೆ. ಕಣ್ಣಿನ ಚೆಕಪ್‌ಗೆಂದು ಹುಣಸೂರಿನಲ್ಲಿ ಮೈಸೂರು ಬಸ್ ಹತ್ತಿದ್ದೆ. ಪಕ್ಕದ ಹುಡುಗಿ ತೊಡೆಯ ಮೇಲೆ ಹಾಳೆ ಹರಡಿಕೊಂಡು ಏನೋ ಗುನುಗುತ್ತಿದ್ದಳು. ಜೀವನವಿಡೀ ಕಾನ್ವೆಂಟಿನಲ್ಲಿ ಮ್ಯಾಥ್ಸ್ ಹೇಳಿಕೊಟ್ಟವಳು ನಾನು, ಇಣುಕದೆ ಇರಲಾಗಲಿಲ್ಲ. ಕಂಡಕ್ಟರೂ ಇಣುಕಿದ.

“ಹಾಳೆ ತುಂಬಾ ಬರೀ ಎಕ್ಸೇ ಐತಲ್ಲವ್ವಾ, ಯಾರು ಕಳೆದೋದ್ರು?”

“ಸಿಕ್ರೆ ನಿಮಗೇ ಮೊದ್ಲು ಹೇಳ್ತೀನಿ ಬುಡಣ್ಣ,” ಎಂದಳು ಹುಡುಗಿ.

ಹನಗೋಡಿನವಳು, ಹೆಸರು ರಶ್ಮಿ. ಅವತ್ತೇ ಎಂ.ಎಸ್ಸಿ ಪ್ರಾಜೆಕ್ಟಿನ ವೈವಾ. ಟಾಪಿಕ್ ಕೇಳಿದೆ.

“ಜನರಲೈಜ್ಡ್ ಪವರ್ ಸೀರೀಸ್, ಅಜ್ಜಿ. ಮುಗಿಯದ ಪಾಲಿನಾಮಿಯಲ್ ಅಂದ್ಕೊಳ್ಳಿ. ಎಕ್ಸ್ ಮೇಲಿನ ಪವರ್ ಅರ್ಧ, ಕಾಲೂ ಆಗ್ಬೋದು. ಹನ್ನೆರಡನ್ನ ಎರಡು, ಎರಡು, ಮೂರು ಅಂತ ಒಡೀತೀವಲ್ಲ, ಅಂಗೆ ಇವನ್ನೂ ಮತ್ತೆ ಒಡೆಯಕ್ಕಾಗದ ಚೂರು ಮಾಡ್ಬೋದು ಅಂತ ಪ್ರೂವ್ ಮಾಡಿದೀನಿ.”

ಹಾಳೆ ಇಸಿದುಕೊಂಡು ಓದಿದೆ. ಒಂದು, ಎರಡು, ಮೂರು ಎಂಬ ಪೂರ್ಣ ಪವರ್‌ಗಳಿಗೆ ಪ್ರೂಫ್ ಬ್ಯೂಟಿಫುಲ್ ಆಗಿತ್ತು. ಭಿನ್ನರಾಶಿಗಳಿಗೆ ಮಾತ್ರ ‘ಸಿಮಿಲರ್ಲಿ’, ಇದೂ ಹಾಗೆಯೇ, ಎಂದು ಒಂದೇ ಸಾಲು. ನನಗೆ ಮ್ಯಾಥ್ಸ್ ಕಲಿಸಿದ ಸಿಸ್ಟರ್ ಆ ಪದ ಕಂಡರೆ ರೆಡ್ ಇಂಕ್ ತೆಗೆಯುತ್ತಿದ್ದರು: “ಡೋಂಟ್ ಸೇ ಇಟ್, ಶೋ ಮಿ.”

“ಬರೀ ಎಕ್ಸ್ ಅನ್ನು ಒಡೆದು ತೋರಿಸಮ್ಮಾ,” ಎಂದೆ.

“ಎಕ್ಸ್ ಪವರ್ ಅರ್ಧ ಇಂಟು ಎಕ್ಸ್ ಪವರ್ ಅರ್ಧ.”

“ಆ ಅರ್ಧವನ್ನ?”

“ಕಾಲು, ಕಾಲು... ಆಮೇಲೆ ಅರೆಕಾಲು...” ಪೆನ್ನು ನಿಂತಿತು. “ಅಯ್ಯೋ ಅಜ್ಜೀ, ಇದು ನಿಲ್ಲೋದೇ ಇಲ್ಲ ಕಣ್ರೀ! ಒಡೆಯಕ್ಕಾಗದ ಚೂರು ಇಲ್ಲಿ ಒಂದೂ ಇಲ್ಲ. ನನ್ ಥಿಯರಮ್ಮೇ ಸುಳ್ಳು!”

ಅವಳ ಕಣ್ಣು ತುಂಬಿತು. ಬಸ್ಸು ಬಿಳಿಕೆರೆಯಲ್ಲಿ ನಿಂತಿತ್ತು. “ಇಳಿದು ವಾಪಸ್ ಹೋಗ್ಬಿಡ್ಲಾ?”

“ಕೂತ್ಕೋ. ಪೂರ್ಣ ಪವರ್‌ಗಳಿಗೆ ನಿಜ ತಾನೇ? ಅದನ್ನ ಧೈರ್ಯವಾಗಿ ಹೇಳು. ಭಿನ್ನರಾಶಿಗೆ ಯಾಕೆ ಆಗಲ್ಲ ಅನ್ನೋದನ್ನೂ ನೀನೇ ಹೇಳು. ಅವರು ಕೇಳೋವರೆಗೆ ಕಾಯಬೇಡ.”

‘ಸಿಮಿಲರ್ಲಿ’ ಸಾಲನ್ನು ಹೊಡೆದುಹಾಕಿದಳು. ಇಲವಾಲದವರೆಗೂ ನಾನೇ ಎಗ್ಸಾಮಿನರ್. ಅವಳು ತಡವರಿಸಿದಲ್ಲೆಲ್ಲ “ಏಕೆ?” ಎನ್ನುತ್ತಲೇ ಹೋದೆ. ಮೈಸೂರಿನಲ್ಲಿ ಇಳಿಯುವಾಗ ಅವಳ ದನಿ ಗಟ್ಟಿಯಾಗಿತ್ತು. ನನ್ನ ನಂಬರ್ ಬರೆದುಕೊಂಡಳು.

ಸಂಜೆ ಫೋನ್ ಬಂತು. “ಪಾಸಾದೆ ಅಜ್ಜೀ! ಥಿಯರಮ್‌ಗಿಂತ ಅದು ಎಲ್ಲಿ ಮುರಿದು ಬೀಳತ್ತೆ ಅಂತ ತೋರ್ಸಿದ್ದೇ ಚೆನ್ನಾಗಿದೆ ಅಂದ್ರು. ಅದಿರ್ಲಿ, ನೀವು ಎಂ.ಎಸ್ಸಿ ಎಲ್ಲಿ ಮಾಡಿದ್ದು?”

ನನಗೂ ಸೀಟು ಸಿಕ್ಕಿತ್ತು. ಅಷ್ಟರಲ್ಲಿ ಮದುವೆ ಗೊತ್ತಾಯಿತು, ಹೋಗಲಿಲ್ಲ. ಆ ಕೊರಗನ್ನು ಯಾರಿಗೂ ಹೇಳಿದವಳಲ್ಲ.

“ಬಿಳಿಕೆರೆಯಿಂದ ಇಲವಾಲದವರೆಗೆ ಮಾಡಿದೆ ಕಣಮ್ಮಾ,” ಎಂದೆ.

ಅವಳು ಜೋರಾಗಿ ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.