ಸ್ಲೋ ಲೋಕಲ್‌ನ ಮೊದಲ ಆಲ್ಬಮ್

ಮಾಜಿವಾಡಾ ನಾಕಾದ ಹತ್ತಿರ ದೇಜಪ್ಪನವರ ಹೋಟೆಲಿದೆ. ಅದರ ಗಲ್ಲೆಯಲ್ಲಿ ಈಗ ಕೂರುವುದು ಅವರ ಮಗ ಯತಿನ್. ಒಂದು ಕೈ ಚಿಲ್ಲರೆ ಎಣಿಸುತ್ತಿದ್ದರೆ ಇನ್ನೊಂದು ಕೈ ಮೊಬೈಲ್ ತೀಡುತ್ತಿರುತ್ತದೆ. ಶೇರು ಪೇಟೆ ನೋಡುತ್ತಿರಬೇಕು ಎಂದು ಗಿರಾಕಿಗಳು ಅಂದುಕೊಂಡಿದ್ದಾರೆ. ನಿಜವಾಗಿ ಅವನು ನೋಡುವುದು ತನ್ನ ಹೊಟ್ಟೆ ಉರಿಸುವ ಸುದ್ದಿಯನ್ನೇ, ಅದೂ ಹುಡುಕಿ ಹುಡುಕಿ.

ಕಾಲೇಜು ಮುಗಿದ ಹೊಸತರಲ್ಲಿ ಅವನೂ ಡೊಂಬಿವಲಿಯ ವಿಶಾಲನೂ ಸೇರಿ 'ಸ್ಲೋ ಲೋಕಲ್' ಎಂಬ ರಾಕ್ ಬ್ಯಾಂಡ್ ಕಟ್ಟಿದ್ದರು. ವಿಶಾಲ್ ಹಾಡುವವನು, ಯತಿನ್ ಬೇಸ್ ಗಿಟಾರ್ ನುಡಿಸುವವನು. ಮೊದಲ ಆಲ್ಬಮ್ ಹೊರಬಂದ ಹೊತ್ತಿಗೇ ದೇಜಪ್ಪನವರಿಗೆ ಹೃದಯದ ಬೈಪಾಸ್ ಆಯಿತು. ಎರಡು ತಿಂಗಳ ಮಟ್ಟಿಗೆ ಎಂದು ಗಲ್ಲೆಗೆ ಬಂದ ಯತಿನ್ ಮತ್ತೆ ಏಳಲೇ ಇಲ್ಲ. ಅವನ ಜಾಗಕ್ಕೆ ಕಶ್ಯಪ ಎಂಬವನು ಬಂದ. ಬ್ಯಾಂಡು ಹೆಸರಿಗಷ್ಟೇ ಸ್ಲೋ. ವರ್ಷಕ್ಕೊಂದರಂತೆ ಆಲ್ಬಮ್ ಬಿಡುತ್ತಲೇ ಹೋಯಿತು.

ಈ ವರ್ಷದ ಆಲ್ಬಮ್ಮನ್ನಂತೂ ವಿಮರ್ಶಕರು ತಲೆಯ ಮೇಲೆ ಹೊತ್ತು ಕುಣಿದರು. 'ಕಶ್ಯಪನ ಬೇಸೇ ಈ ಬ್ಯಾಂಡಿನ ಬೆನ್ನೆಲುಬು' ಎಂದು ಒಬ್ಬ ಬರೆದ. ಅದನ್ನು ಓದಿದ ದಿನ ಯತಿನನಿಗೆ ಊಟ ಸೇರಲಿಲ್ಲ. ಅಭಿಮಾನಿಗಳದು ಇನ್ನೊಂದು ಚಟ. ಹೊಸ ಆಲ್ಬಮ್ ಬಂದಾಗಲೆಲ್ಲ ಅಂತರ್ಜಾಲದ ತಮ್ಮ ಗುಂಪಿನಲ್ಲಿ ಹಳೆಯದೆಲ್ಲವನ್ನೂ ಸೇರಿಸಿ ಯಾವುದು ಮೇಲು, ಯಾವುದು ಕೀಳು ಎಂದು ಸಾಲು ಹಚ್ಚುತ್ತಾರೆ. ಯತಿನ್ ನುಡಿಸಿದ ಆ ಒಂದೇ ಒಂದು ಆಲ್ಬಮ್ ಪ್ರತಿಸಲವೂ ಲೋಟದ ಚರಟದ ಹಾಗೆ ತಳದಲ್ಲಿ.

ಸಹಿಸಿ ಸಹಿಸಿ ಸಾಕಾಗಿ ಅವನು ನೆರೂಳದ ಕಾಲೇಜು ಹುಡುಗಿ 'ಅಶ್ಮಿತಾ' ಎಂಬ ಸುಳ್ಳು ಹೆಸರಿನಲ್ಲಿ ಆ ಗುಂಪಿಗೆ ನುಗ್ಗಿದ. "ಮೊದಲ ಆಲ್ಬಮ್ಮೇ ಅಸಲಿ. ಕಶ್ಯಪನ ಬೇಸ್ ಅಂದರೆ ಲಿಫ್ಟಿನ ಗುಂಯ್ ಗುಂಯ್" ಎಂದು ಬರೆದ. ಮೊದಲು ಎಲ್ಲರೂ ಸೇರಿ ಅಶ್ಮಿತಾಳನ್ನು ಝಾಡಿಸಿದರು. ಅವಳೇನು ಬಗ್ಗುವವಳೇ? ದಿನವೂ ಬರೆದಳು. ಕೊನೆಗೆ ಅವಳ ಬಾಯಿ ಮುಚ್ಚಿಸಲೆಂದೇ ಅಭಿಮಾನಿಗಳು ಆ ಹಳೆಯ ಆಲ್ಬಮ್ಮನ್ನು ಮತ್ತೆ ಕೇಳಿದರು. ಕೇಳಿ ಬೆರಗಾದರು. 'ಎಂಥ ಹಾಡುಗಳು! ಅಶ್ಮಿತಾ ಹೇಳಿದ್ದೇ ಸರಿ.' ಆ ದಿನ ಯತಿನನ ಕಾಲು ನೆಲದ ಮೇಲಿರಲಿಲ್ಲ. ಜಗಳಗಂಟ ಗಿರಾಕಿಯೊಬ್ಬನನ್ನೂ ನಗುನಗುತ್ತಾ ಮಾತಾಡಿಸಿದ.

ಸಂತೋಷ ಒಂದು ರಾತ್ರಿಗಿಂತ ಹೆಚ್ಚು ಬಾಳಲಿಲ್ಲ. ಮರುದಿನ ಬೆಳಿಗ್ಗೆ ಯಾರೋ ಬರೆದಿದ್ದ: 'ಹಾಡುಗಳು ಬಂಗಾರ. ಬೇಸ್ ಮಾತ್ರ ಕಸ. ಇದನ್ನು ಕಶ್ಯಪ ನುಡಿಸಬೇಕಿತ್ತು.' ಹೌದು ಹೌದು ಎಂದು ಗುಂಪಿಗೆ ಗುಂಪೇ ತಲೆಯಾಡಿಸಿತು. ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡದ್ದು ಅವನಿಗೆ ಆಗ ತಿಳಿಯಿತು.

ತಿಂಗಳೊಪ್ಪತ್ತಿನಲ್ಲಿ ವಿಶಾಲನ ವಿಡಿಯೋ ಬಂತು. ಗಲ್ಲೆಯ ಪಕ್ಕ ನಿಂತು ಯತಿನನ ಹೆಂಡತಿ ಪ್ರಣೀತಾಳೂ ಅವನೊಂದಿಗೆ ಅದನ್ನು ನೋಡಿದಳು. ಮೊದಲ ಆಲ್ಬಮ್ಮನ್ನು ಕಶ್ಯಪನ ಬೇಸಿನೊಂದಿಗೆ ಮತ್ತೆ ರೆಕಾರ್ಡ್ ಮಾಡುತ್ತೇವೆ, ಹಳೆಯದನ್ನು ಎಲ್ಲ ಕಡೆಯಿಂದ ತೆಗೆದುಹಾಕುತ್ತೇವೆ ಎಂದ ವಿಶಾಲ್. "ನಮ್ಮ ಕಣ್ಣು ತೆರೆಸಿದ್ದು ಅಶ್ಮಿತಾ. ಈ ಆಲ್ಬಮ್ ಅವಳಿಗೇ ಅರ್ಪಣೆ" ಎಂದೂ ಸೇರಿಸಿದ. ಯತಿನನ ಹೆಸರು ಅವನ ಬಾಯಲ್ಲಿ ಬರಲೇ ಇಲ್ಲ.

ಗಂಡನ ಮುಖ ಬಿಳಿಚಿದ್ದು ನೋಡಿ ಪ್ರಣೀತಾ ಅವನ ಹೆಗಲ ಮೇಲೆ ಕೈಯಿಟ್ಟಳು.

"ಬೇಜಾರ್ ಮಾಡ್ಬೇಡಿ ಮಾರಾಯ್ರೆ. ಅವ್ರು ಬೇಕಾದ್ರೆ ತೆಗೀಲಿ. ನೀವು ನುಡಿಸಿದ್ದನ್ನ ಮನಸಿಟ್ಟು ಕೇಳಿದವ್ರು ಒಬ್ರಾದ್ರೂ ಇದ್ರಲ್ಲ, ಆ ಹುಡುಗಿ."

ಎದುರಿಗೆ ನಿಂತ ಗಿರಾಕಿ ನೋಟು ಚಾಚಿದ್ದ.

"ಹೌದು," ಎಂದ ಯತಿನ್, "ಒಬ್ಳಿದ್ಳು."