ಉಜ್ಜಬಾರದ ಚಿನ್ನ

ಇವತ್ತು ಡ್ರಾಯರ್ ಶುಚಿ ಮಾಡುವಾಗ ಉಗುರಿನಷ್ಟಗಲದ ಪ್ಲಾಸ್ಟಿಕ್ ತ್ರಿಕೋನವೊಂದು ಕೈಗೆ ಸಿಕ್ಕಿತು. ಅದರ ಅಂಚಿಗೆ ನಾನೇ ಅಂಟಿಸಿದ್ದ ಚಿನ್ನದ ರೇಕು ಧೂಳಿಗೆ ಮಂಕಾಗಿತ್ತು. ನೋಡಿದ ಕೂಡಲೇ ಮೇಡಂ ನೆನಪಾದರು...

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಿಲಕ್ ನಗರದಲ್ಲಿ ದೇವರ ಚಿತ್ರಗಳಿಗೆ ಚಿನ್ನದ ರೇಕು ಅಂಟಿಸುವ ಕೆಲಸ ನನ್ನದು. ಈ ಕೈಗೆ ಸಮನಾದ ಕೈ ಈ ಕಡೆಯಲ್ಲಿ ಇನ್ನೊಂದಿಲ್ಲ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮೇಡಂ ತ್ಯಾಗರಾಜನಗರದವರು, ನಿವೃತ್ತ ವಿಜ್ಞಾನ ಟೀಚರ್. ರೇಡಿಯೊದೊಳಗೆ ಸದ್ದು ಹೆಚ್ಚಿಸುವ ಟ್ರಾನ್ಸಿಸ್ಟರ್ ಇರುತ್ತದಲ್ಲ, ಪ್ರಪಂಚದ ಮೊದಲನೆಯದು ಹೇಗಿತ್ತೋ ಹಾಗೇ ಒಂದು ಮಾಡಬೇಕೆಂದು ಹಟ ಹಿಡಿದಿದ್ದರು. ಜೀವಮಾನವೆಲ್ಲ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದನ್ನು ಒಮ್ಮೆಯಾದರೂ ಕಿವಿಯಾರೆ ಕೇಳಬೇಕಿತ್ತು ಅವರಿಗೆ. ಆದರೆ ವಯಸ್ಸಿಗೆ ಕೈ ನಡುಗುತ್ತಿತ್ತು, ಅದಕ್ಕೇ ನನ್ನನ್ನು ಹುಡುಕಿಕೊಂಡು ಬಂದರು.

ತ್ರಿಕೋನದ ತುದಿಯಲ್ಲಿ ರೇಕನ್ನು ಬ್ಲೇಡಿನಿಂದ ಸೀಳಬೇಕು. ಸೀಳಿನ ಎರಡು ಅಂಚುಗಳೂ ಕೂದಲೆಳೆಯ ಅಂತರದಲ್ಲಿ, ಹಳೆಯ ರೇಡಿಯೊದಿಂದ ತೆಗೆದ ಜರ್ಮೇನಿಯಂ ಚೂರನ್ನು ಮುಟ್ಟಬೇಕು. ಆಗ ಒಂದು ಅಂಚಿನಿಂದ ಹೋದ ಸಣ್ಣ ಸದ್ದು ಇನ್ನೊಂದರಿಂದ ದೊಡ್ಡದಾಗಿ ಬರುತ್ತದೆ ಎಂದರು. "ಮೊದಲು ಕಂಡುಹಿಡಿದವರೂ ಬ್ಲೇಡಲ್ಲೇ ಸೀಳಿದ್ದು ಕಣ್ರೀ" ಎಂದಾಗ ನನಗೆ ಹುರುಪು ತಡೆಯಲಾಗಲಿಲ್ಲ.

ಎರಡು ಮಾಡಿಕೊಟ್ಟೆ. ಎರಡೂ ಕೆಲಸ ಮಾಡಲಿಲ್ಲ. ಮೇಡಂ ಭೂತಗನ್ನಡಿ ಹಿಡಿದು ನೋಡಿದರು.

"ಏನ್ರೀ ಇದು, ಸೀಳೇ ಮುಚ್ಚೋಗಿದೆ?"

"ಹೊಳೀಲಿ ಅಂತ ಮೆರುಗಿನ ಕಲ್ಲಲ್ಲಿ ಉಜ್ಜಿದ್ದೆ ಮೇಡಂ. ನಮ್ಮಲ್ಲಿ ಉಜ್ಜದೆ ಕೆಲಸ ಮುಗಿಯಲ್ಲ."

"ನಾನೇನು ದೇವರಿಗೆ ಕಿರೀಟ ಕೇಳಿದ್ನಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮೂರನೆಯದನ್ನು ಅವರ ಊಟದ ಮೇಜಿನ ಮೇಲೇ ಉಸಿರು ಬಿಗಿಹಿಡಿದು ಸೀಳಿದೆ. ಉಜ್ಜಲಿಲ್ಲ. ಅವರು ವೈರು ಜೋಡಿಸಿ, ಇಯರ್‌ಫೋನನ್ನು ನನ್ನ ಕಿವಿಗಿಟ್ಟು, ಮೈಕ್ ಹಿಡಿದು ಅಡುಗೆಮನೆಗೆ ಹೋದರು. ಮೊದಲು ಕೇಳಿಸಿಯೂ ಕೇಳಿಸದ ಹಾಗೆ ಏನೋ ಗುಸುಗುಸು... ಅವರು ಹೇಳಿಕೊಟ್ಟಂತೆ ತ್ರಿಕೋನವನ್ನು ಜರ್ಮೇನಿಯಂ ಚೂರಿಗೆ ಅದುಮಿ ಹಿಡಿದಿದ್ದ ಸ್ಪ್ರಿಂಗನ್ನು ಒಂದಿಷ್ಟು ಒತ್ತಿದೆ.

"ರೀ, ಕೇಳಿಸ್ತಾ?"

ಕಿವಿಯೊಳಗೇ ನಿಂತು ಕೂಗಿದ ಹಾಗೆ! ಕುರ್ಚಿ ಬೀಳಿಸಿಕೊಂಡು ಎದ್ದೆ. "ಸಖತ್ತಾಗಿ ಕೇಳಿಸ್ತು ಮೇಡಂ! ಬನ್ನಿ, ಈಗ ನೀವು ಕೇಳಿ!"

ಮೈಕ್ ಹಿಡಿದು ನಾನು ಅಡುಗೆಮನೆಗೆ ಓಡಿದೆ. ಏನು ಹೇಳುವುದೆಂದೇ ತೋಚಲಿಲ್ಲ. ಹಾಜರಿ ಕೂಗಿದಾಗ ಹೇಳುತ್ತಿದ್ದುದೇ ಬಾಯಿಗೆ ಬಂತು: "ಪ್ರೆಸೆಂಟ್, ಮೇಡಂ!"

ಇಣುಕಿ ನೋಡಿದರೆ ಅವರು ಕಣ್ಣು ಮುಚ್ಚಿ, ಎರಡೂ ಕೈಯಿಂದ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದರು. "ಇನ್ನೊಂದ್ಸಲ ಹೇಳಿ" ಎಂದರು.

ಮೇಡಂ ಹೋಗಿ ಎರಡು ವರ್ಷವಾಯಿತು. ತ್ರಿಕೋನವನ್ನು ಅವರ ಮಗಳು ತಂದುಕೊಟ್ಟಿದ್ದರು. ಮಂಕಾದ ಚಿನ್ನ ಕಂಡರೆ ನನ್ನ ಕೈ ತಾನಾಗಿ ಕಲ್ಲಿಗೆ ಹೋಗುತ್ತದೆ. ಇವತ್ತೂ ಹೋಯಿತು... ಕಲ್ಲನ್ನು ಕೆಳಗಿಟ್ಟೆ.