ಬಚ್ಚಲ ಒಲೆಯ ಹೊಗೆ

ಆಗ ನನಗೆ ಇಪ್ಪತ್ತು. ಐವತ್ತು ವರ್ಷದ ಹಿಂದಿನ ಮಾತು. ಶಹಾಪುರದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು, ಹೊಟ್ಟೆಯಲ್ಲಿ ಒಂದೂ ನಿಂತಿರಲಿಲ್ಲ. ನಾನು ಕಲಿತದ್ದು ಎರಡನೆಯ ಕ್ಲಾಸು. ಅಕ್ಷರ ಕೂಡಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಹಾಗಾಗಿ ಸುತ್ತಿ ಬಳಸಿ ಬರೆಯುವುದಿಲ್ಲ. ಮುಟ್ಟು ನಿಂತ ಮೇಲೆ ನಮ್ಮ ಹೆಂಗಸರು ಮಾಡುವ ಸ್ನಾನದ ವಿಷಯ ಇದು.

ಗುಸ್ಲ್ ಅನ್ನುತ್ತಾರೆ ಅದಕ್ಕೆ. ನಮ್ಮ ಬಾಯಲ್ಲಿ ಬರೀ ‘ನೀರು ಹಾಕಿಕೊಳ್ಳುವುದು’. ನನಗೆ ಕಲಿಸಿದವಳು ಅವ್ವ, ಬಳಿಚಕ್ರದ ತವರುಮನೆಯಲ್ಲಿ. ನಾನು ಬಚ್ಚಲೊಳಗೆ, ಅವಳು ತಟ್ಟಿಯ ಆಚೆ.

“ಬಿಸ್ಮಿಲ್ಲಾ ಅಂದಿಯೇನ? ಬಾಯಿ ಮುಕ್ಕಳಿಸು. ಮೂಗಿನಾಗ ನೀರು ಏರಿಸು. ಮೂಗುಬೊಟ್ಟು ತಿರುವು, ತೂತಿನಾಗೂ ನೀರು ಹೋಗಬೇಕು.”

“ಹೋತು.”

“ಹೊಕ್ಕಳ?”

“ಹೊಕ್ಕಳದಾಗ ಏನದ?”

“ಹೊಲಸ ಅದ. ತೊಳಿ.”

ಒಂದು ಕೂದಲಿನ ಬುಡ ಒಣಗಿ ಉಳಿದರೂ ಆ ಸ್ನಾನ ಆಗಲಿಲ್ಲ ಅಂತಲೇ ಲೆಕ್ಕ. ಮುಗಿಸಿ ಹೊರಗೆ ಬಂದರೆ ಅವ್ವ ನನ್ನ ಕಿವಿಯ ಹಿಂದೆ ಬೆರಳಾಡಿಸಿ ನೋಡುತ್ತಿದ್ದಳು. ಹಸಿ ಇದ್ದರೆ ರೊಟ್ಟಿ, ಒಣ ಇದ್ದರೆ ಮತ್ತೆ ಒಳಗೆ. ಆ ಬೆರಳು ಯಾವಾಗಲೂ ಒರಟು, ಯಾವಾಗಲೂ ಬೆಚ್ಚಗೆ. ಈಗ ನನ್ನ ಮೊಮ್ಮಗಳು ಗೀಸರಿನ ಸ್ವಿಚ್ಚು ಒತ್ತಿ ಬಾಗಿಲು ಹಾಕಿಕೊಳ್ಳುತ್ತಾಳೆ. ಯಾವ ದಿನ ಯಾಕೆ ಸ್ನಾನ ಮಾಡಿದಳೆಂದು ಮನೆಯಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ನಮ್ಮ ಕಾಲಕ್ಕೆ ಓಣಿಗೆಲ್ಲ ತಿಳಿಯುತ್ತಿತ್ತು.

ಹೇಗೆಂದರೆ ಹೊಗೆಯಿಂದ. ಗಂಡನ ಮನೆಯ ಬಚ್ಚಲು ಓಣಿಯ ಕಡೆಗೇ ಇತ್ತು, ಮೇಲೆ ಮುಚ್ಚಿಗೆ ಇರಲಿಲ್ಲ. ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ಹಚ್ಚಿದರೆ ಹೊಗೆ ಗೋಡೆ ದಾಟಿ ಎದ್ದು ನಿಲ್ಲುತ್ತಿತ್ತು. ನೀರಿಗೂ ಕಟ್ಟಿಗೆಗೂ ಬರ, ನಮ್ಮ ಮನೆಯಲ್ಲಿ ಬಚ್ಚಲ ಒಲೆ ಹಚ್ಚುವುದು ಶುಕ್ರವಾರ ಮಾತ್ರ. ಬೇರೆ ದಿನ ನಸುಕಿನಲ್ಲಿ ಹೊಗೆ ಎದ್ದಿತೆಂದರೆ ಸೊಸೆ ಮುಟ್ಟಾಗಿದ್ದಳು, ಈ ತಿಂಗಳೂ ಏನಿಲ್ಲ ಅಂತ ಅರ್ಥ. ಬೇರೆ ಗುರುತು ಇರಲಿಲ್ಲ. ನಮ್ಮವರು ಹೊರಗೆ ಕೂರುವುದಿಲ್ಲ, ಅಡುಗೆ ಕಸ ಎಲ್ಲ ಮಾಡುತ್ತೇವೆ. ಮುಟ್ಟಿನಲ್ಲಿ ನಮಾಜು ಬಿಡಬೇಕು, ಆದರೆ ನನಗೆ ಆಗ ನಮಾಜೇ ಬರುತ್ತಿರಲಿಲ್ಲ, ರಂಜಾನಿನಲ್ಲಿ ರೋಜಾ ಅಷ್ಟೇ. ಹತ್ತಿಯ ಮನೆಯಾದ್ದರಿಂದ ಬಟ್ಟೆ ಒಗೆದು ಒಣಗಿಸುವ ಕಾಟವೂ ಇಲ್ಲ. ಬಳಸಿದ ಹತ್ತಿಯನ್ನು ತಿಪ್ಪೆಯಲ್ಲಿ ಹುಗಿದರೆ ಮುಗಿಯಿತು. ಗಂಡನಿಗೆ ಗೊತ್ತಿರುತ್ತಿತ್ತು, ಗೊತ್ತಿರಲೇಬೇಕು, ನೀರು ಹಾಕಿಕೊಳ್ಳುವ ತನಕ ಅವನು ಹತ್ತಿರ ಬರುವಂತಿಲ್ಲ. ಆದರೆ ಅವನು ಬಾಯಿ ಬಿಡುವ ಆಸಾಮಿಯಲ್ಲ.

ಅತ್ತೆ ಹೊಗೆ ನೋಡಿ ಬೈಯುತ್ತಿರಲಿಲ್ಲ. “ಎದ್ದಿತೇನ್ ಈ ತಿಂಗಳದ್ದೂ” ಅಂದು ಹಿಂಜಿದ ಹತ್ತಿಯ ಮುಂದೆ ಹೋಗಿ ಕೂರುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು ನನಗೆ.

ಆ ಚಳಿಗಾಲದಲ್ಲಿ ಸುರಪುರಕ್ಕೆ ಕೊಟ್ಟಿದ್ದ ನನ್ನ ನಾದಿನಿ, ಗಂಡನ ಅಕ್ಕ, ಬಂದಳು. ವನದುರ್ಗದಲ್ಲಿ ಒಂದು ಹುಡುಗಿ ನೋಡಿ ಬಂದಿದ್ದಳು, ತನ್ನ ತಮ್ಮನಿಗೆ ಎರಡನೆಯವಳಾಗಿ. ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ಎದುರಿಗೇ ಹೇಳಿದಳು, ಮುಚ್ಚಿಡಲಿಲ್ಲ.

“ಹುಡುಗಿ ಗಟ್ಟಿಮುಟ್ಟ ಅದಾಳ. ಅವರವ್ವಗ ಎಂಟು ಮಕ್ಕಳು.”

“ಈ ತಿಂಗಳೊಂದು ನೋಡೋಣ” ಅಂದಳು ಅತ್ತೆ. “ಈ ಸಲಾನೂ ಹೊಗಿ ಎದ್ದರ ನೀನೇ ಹೋಗಿ ಮಾತು ಮುಗಿಸು.”

ನಾದಿನಿ ನನ್ನ ಕಡೆ ತಿರುಗಿ, “ಏನ ಅನ್ನಬ್ಯಾಡವ್ವ, ನಿನಗೂ ಕೆಲಸಕ್ಕ ಒಂದು ಕೈ ಆಗ್ತದ” ಅಂದಳು. ನನ್ನ ರೊಟ್ಟಿ ಹೆಂಚಿನ ಮೇಲೆ ಕರಕಲಾಯಿತು.

ಆ ತಿಂಗಳೂ ಮುಟ್ಟಾದೆ. ಗಂಡನನ್ನು ಕೇಳಿದರೆ “ಅವ್ವ ಹ್ಯಾಂಗಂತಾಳ ಹಾಂಗ” ಅನ್ನುವವನು, ಕೇಳಲಿಲ್ಲ. ಗೋಡೆಯಾಚೆ ಕಿರಾಣಿ ಅಂಗಡಿಯವರ ಮನೆ, ಲಿಂಗಾಯತರು. ಆ ಮನೆಯ ಸೊಸೆಗೆ ನಾನು ಅಕ್ಕ ಅನ್ನುತ್ತಿದ್ದೆ. ಸೇದುವ ಬಾವಿಯ ಹತ್ತಿರ ಅವಳಿಗೆ ಎಲ್ಲ ಹೇಳಿದೆ.

“ತಣ್ಣೀರು ಸುರುವಿಕೋ” ಅಂದಳು.

“ಸಪ್ಪಳ ಕೇಳ್ತದ ಅಕ್ಕ. ಅತ್ತಿ ಅಲ್ಲೇ ಬಾಜೂಕ ಮಲಗ್ತಾಳ.”

“ಶುಕ್ರವಾರದ ತನಕ ಇರು ಮತ್ತ.”

“ಹಾಂಗ ಇರಬಾರದು. ನಿಂತ ಮ್ಯಾಲ ನೀರು ಹಾಕ್ಕೊಳ್ಳದ ಕುಂತರ ಮುಟ್ಟಿದ್ದಕ್ಕೆಲ್ಲ ಬರಕತ್ ಇರಂಗಿಲ್ಲ, ಏಳಿಗಿ ಆಗಂಗಿಲ್ಲ ಅಂತಾಳ ನಮ್ಮವ್ವ.”

ಅಕ್ಕ ಹಗ್ಗ ಎಳೆಯುವುದನ್ನು ನಿಲ್ಲಿಸಿದಳು. “ನಮ್ಮ ಮನ್ಯಾಗ ಲಿಂಗಪೂಜಿಗೆ ದಿನಾ ಒಲಿ ಹಚ್ಚತೀವಿ, ದಿನಾ ಹೊಗಿ ಏಳ್ತದ. ಯಾವಾಕಿ ಎಣಿಸ್ತಾಳ ಅದನ್ನ? ನಮ್ಮತ್ತಿ ಅಮಾಸಿಗೆ ತಿಂಥಣಿ ಗುಡಿಗೆ ಹೊಂಟಾಳ. ಹಿಂದಿನ ಬಾಗಿಲಿಂದ ಬಾ.”

ಹೋದೆ. ಸಗಣಿ ಹಾಕಲು ಹೋಗುವವಳ ಹಾಗೆ ಬುಟ್ಟಿ ಹಿಡಿದು ಹೋದೆ. ಆ ಬಚ್ಚಲು ನನಗೆ ಇನ್ನೂ ಕಣ್ಣ ಮುಂದೆ ಇದೆ. ಮೇಲೆ ಹೆಂಚು, ಕೆಳಗೆ ಶಹಾಬಾದ್ ಕಲ್ಲು, ಕುತ್ತಿಗೆ ತನಕ ತುಂಬಿದ ತಾಮ್ರದ ಹಂಡೆ. ಗೂಡಿನಲ್ಲಿ ವಿಭೂತಿ ಗಟ್ಟಿ. ಅಷ್ಟು ಬಿಸಿ, ಅಷ್ಟು ನೀರು ನಾನು ಅದುವರೆಗೆ ಮೈಮೇಲೆ ಹಾಕಿಕೊಂಡಿರಲಿಲ್ಲ. ಕೂದಲಿನಿಂದ ಹತ್ತಿಯ ಎಳೆಗಳು ಬಿಟ್ಟು ಕಲ್ಲಿನ ಮೇಲೆ ಹರಿದು ಹೋದವು. ಅಕ್ಕ ಹೊರಗೆ ಕಾವಲು ನಿಂತಿದ್ದಳು, ಸುಮ್ಮನೆ ನಿಲ್ಲುವವಳಲ್ಲ.

“ಏನು ಅಷ್ಟು ಗುಳುಗುಳು ಮಾಡಾಕತ್ತಿ?”

“ಬಾಯಿ ಮುಕ್ಕಳಿಸಾಕತ್ತೇನಿ.”

“ನೀರು ಕುಡದು ಖಾಲಿ ಮಾಡಬ್ಯಾಡ, ನಮ್ಮವರ ಜಳಕ ಇನ್ನೂ ಆಗಿಲ್ಲ.”

ನಗು ಬಂದು ನೀರು ಮೂಗಿಗೆ ಹತ್ತಿತು. ಹೇಗಿದ್ದರೂ ಮೂಗಿಗೆ ನೀರು ಏರಿಸುವುದು ಇದ್ದೇ ಇತ್ತಲ್ಲ. ಹೊರಗೆ ಬಂದಾಗ ಅಕ್ಕ ತನ್ನ ಹಳೆಯ ಸೀರೆಯ ತುಂಡಿನಿಂದ ನನ್ನ ತಲೆ ಒರೆಸಿದಳು. ಕಿವಿಯ ಹಿಂದೆಯೂ ಒರೆಸಿದಳು. ನನಗೆ ಬಳಿಚಕ್ರ ನೆನಪಾಯಿತು.

ಹೊಗೆ ಎದ್ದರೆ ಏನಾಗುತ್ತದೆಂದು ಮಾತ್ರ ನಾವಿಬ್ಬರೂ ಯೋಚಿಸಿದ್ದೆವು. ಏಳದಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಒಂದು ವಾರ ಹಾಗೇ ಕಳೆಯಿತು. ಆಮೇಲೆ ಒಂದು ದಿನ ನನ್ನ ರೊಟ್ಟಿಯ ಮೇಲೆ ತುಪ್ಪ ಬಿತ್ತು. ಮರುದಿನ ನಾನು ಕೊಡ ಎತ್ತಲು ಹೋದರೆ ಕೈಯಿಂದ ಕಸಿದುಕೊಂಡಳು. ಮಂಡಿನೋವಿನ ಮುದುಕಿ ತಾನೇ ಬಾವಿಗೆ ಹೋಗಿ, ಕೊಡ ಹೊತ್ತು, ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತು ಉಸಿರು ಬಿಟ್ಟಳು. ಹತ್ತಿ ಹಿಂಜುವ ಕೋಣೆಗೆ ನನ್ನನ್ನು ಬಿಡಲಿಲ್ಲ. “ದೂಳು ಎದಿಗೆ ಹೋಗ್ತದ, ಹೊರಗ ಕೂಡು” ಅಂದಳು. ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು. ತುಪ್ಪ ರುಚಿಯಾಗಿಯೇ ಇತ್ತು, ಸುಳ್ಳು ಯಾಕೆ ಬರೆಯಲಿ.

ಆದರೆ ಅವಳು ಕೊಡ ಹೊತ್ತು ಬರುವುದನ್ನು ಕೂತು ನೋಡುವುದು ನನ್ನಿಂದ ಆಗಲಿಲ್ಲ. ಅದೂ ಅಲ್ಲದೆ ಇನ್ನು ಕೆಲವು ದಿನಕ್ಕೆ ಮತ್ತೆ ಮುಟ್ಟು ಬರುತ್ತಿತ್ತು. ಆಗ ಎಲ್ಲಿಗೆ ಹೋಗಲಿ? ಒಂದು ಸಂಜೆ ಅವಳು ಗಾದಿಗೆ ಟಾಕಾ ಹಾಕುತ್ತಿದ್ದಾಗ ಎದುರಿಗೆ ಕೂತು ಹೇಳಿಬಿಟ್ಟೆ.

“ಅತ್ತಿ, ನಾ ಬಸುರಿ ಅಲ್ಲ. ಈ ತಿಂಗಳೂ ಮುಟ್ಟಾಗಿದ್ದೆ. ಅಂಗಡಿಯವರ ಬಚ್ಚಲದಾಗ ನೀರು ಹಾಕ್ಕೊಂಡು ಬಂದೀನಿ.”

ಸೂಜಿ ನಿಂತಿತು. ಹೊಡೆಯುತ್ತಾಳೆ ಅಂದುಕೊಂಡೆ.

“ಗುಸ್ಲ್ ಸರಿಯಾಗಿ ಮಾಡಿಯೇನ?” ಅಂದಳು.

“ಹ್ಞೂಂ.”

“ನೀರು ಸಾಕಷ್ಟು ಕೊಟ್ಟಳೇನ ಆಕಿ?”

“ಹಂಡಿತುಂಬ ಇತ್ತು.”

“ಮತ್ತ ಕಂಡವರ ಮನಿ ಬಾಗಿಲಿಗೆ ಯಾಕ ಹೋದಿ?”

“ಹೊಗಿ ಎದ್ದರ ವನದುರ್ಗದಾಕಿ ಬರ್ತಿದ್ಲಲ್ಲ.”

ಅತ್ತೆ ದಾರ ಹಲ್ಲಿನಿಂದ ಕಡಿದಳು. “ವನದುರ್ಗಕ್ಕ ಮೊನ್ನೀನೇ ಬ್ಯಾಡ ಅಂತ ಹೇಳಿ ಕಳಿಸೀನಿ. ನನ್ನ ಸೊಸಿ ಬಸುರಿ ಅದಾಳ ಅಂತ ಹೇಳಿ ಕಳಿಸೀನಿ. ಈಗ ಇಲ್ಲಂತ, ನಿಮ್ಮ ಹುಡುಗಿ ಕೊಡ್ರಿ ಅಂತ ಯಾವ ಮಾರಿ ಇಟ್ಕೊಂಡು ಹೋಗ್ಲಿ?”

“ನಾದಿನಿ ಕೇಳಿದ್ರ?”

“ಆಕಿಗೆ ನಾ ಹೇಳತೀನಿ. ನಂಗೂ ನನ್ನ ಅತ್ತಿ ಹೊಗಿ ಎಣಿಸ್ತಿದ್ಲು. ಆ ಸುರಪುರದ ಮಗಳು ಹುಟ್ಟೂ ತನಕ ಎಣಿಸ್ಯಾಳ.” ಸೂಜಿಗೆ ಮತ್ತೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟಳು, ಅವಳಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. “ನಾಳಿಂದ ನೀ ದಿನಾ ಒಲಿ ಹಚ್ಚು. ಒಂದು ತಂಬಿಗಿ ನೀರೇ ಕಾಸು, ಆದ್ರ ಹಚ್ಚು. ನನಗ ನಮಾಜಿನ ವಜೂಕ, ಕೈಕಾಲು ಮಾರಿ ತೊಳ್ಯಾಕ, ಬಿಸಿನೀರು ಆಗ್ತದ.”

“ಕಟ್ಟಿಗಿ ಎಲ್ಲಿಂದ ತರೂದು ಅತ್ತಿ, ದಿನಾ?”

“ಕಾಲು ಅದಾವಲ್ಲ ನಿನಗ. ಹೊಲದಾಗ ತೊಗರಿ ಕೊಯ್ದಾರ. ಹೋಗಿ ಆರಿಸ್ಕೊಂಡು ಬಾ.”

ಆ ರಾತ್ರಿ ನನ್ನ ರೊಟ್ಟಿಗೆ ತುಪ್ಪ ಇರಲಿಲ್ಲ.

ಮರುದಿನ ಮಸೀದಿಯ ಬೆಳಗಿನ ಬಾಂಗಿಗೆ ಮೊದಲೇ ಎದ್ದು ಬಚ್ಚಲ ಒಲೆ ಹಚ್ಚಿದೆ. ಕಟ್ಟಿಗೆ ಇಬ್ಬನಿಗೆ ನೆನೆದಿತ್ತು, ಉರಿಗಿಂತ ಹೊಗೆಯೇ ಹೆಚ್ಚು. ಗೋಡೆಯಾಚೆ ಅಕ್ಕ ಕೆಮ್ಮಿ, “ಏನವ್ವ ತಂಗಿ, ಇವತ್ತು ಯಾವ ವಾರ?” ಅಂದಳು. “ಬುಧವಾರ ಅಕ್ಕ” ಅಂದೆ. ನೀರು ಬೆಚ್ಚಗಾದ ಮೇಲೆ ಒಂದು ತಂಬಿಗೆ ತುಂಬಿ ಅತ್ತೆಯ ಕಾಲ ಹತ್ತಿರ ಇಟ್ಟೆ, ಬುಟ್ಟಿ ಹಿಡಿದು ತೊಗರಿ ಹೊಲಕ್ಕೆ ಹೋದೆ.